ಎಕ್ಸ್-ರೇ ನಾರ್ಮಲ್ ಇದ್ದ ಮೇಲೆ ವಪೆಯ ಸ್ಕ್ಯಾನ್ ಯಾಕೆ?

ಮಂಡ್ಯ ಕಡೆಯ ಓದುಗರ ಪ್ರಶ್ನೆ: ‘ಸರ್, ನಮ್ಮ ತಂದೆ ವರ್ಷಗಟ್ಟಲೆ ಆಲೆಮನೆ ಒಲೆಗೆ ಉರಿ ಹಾಕಿದವರು. ನಾಲ್ಕು ಹೆಜ್ಜೆ ನಡೆದರೆ ಮೇಲುಸಿರು. ಎದೆ ಎಕ್ಸ್-ರೇ ನಾರ್ಮಲ್. ಆದರೂ ವಪೆಯ ಸ್ಕ್ಯಾನ್ ಮಾಡಿಸಿ ಅಂತಾರೆ. ಬೇಕಾ?’

ಊರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಈ ಸಲ ನಿಧಾನವಾಗಿಯೇ ಹೇಳುತ್ತೇನೆ. ವಪೆ ಎಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ (ಡಯಾಫ್ರಮ್); ಅದು ಕೆಳಗಿಳಿದಾಗಲೇ ಉಸಿರು ಒಳಗೆ ಬರುವುದು.

‘ಎಕ್ಸ್-ರೇ ನಾರ್ಮಲ್ ಅಂದರೆ ಉಸಿರಾಟವೂ ನಾರ್ಮಲ್’ ಎಂಬುದು ಶುದ್ಧ ತಪ್ಪು. ಎಕ್ಸ್-ರೇ ತೆಗೆಯುವವರು ಏನೆನ್ನುತ್ತಾರೆ? ‘ಉಸಿರು ಎಳ್ಕೊಳ್ಳಿ, ಬಿಗಿ ಹಿಡೀರಿ.’ ಅಲುಗಾಟ ನಿಲ್ಲಿಸಿ ತೆಗೆದ ಚಿತ್ರದಲ್ಲಿ ಅಲುಗಾಟ ಹುಡುಕಿದರೆ ಸಿಕ್ಕೀತೇ? ನಿಂತ ಗಾಡಿಯ ಫೋಟೋ ನೋಡಿ ಎತ್ತು ಕುಂಟುತ್ತದೋ ಇಲ್ಲವೋ ಹೇಳಲಾಗದು. ನ್ಯುಮೋನಿಯಾ, ಎದೆಯಲ್ಲಿ ನೀರು, ಗೆಡ್ಡೆ, ಟಿ.ಬಿ. ಕಲೆ ಹುಡುಕಲು ಎಕ್ಸ್-ರೇ ಬೇಕೇ ಬೇಕು. ಆದರೆ ಹೊಗೆಯಿಂದ ಬರುವ ಸಿ.ಒ.ಪಿ.ಡಿ. (ಗಾಳಿಯ ಕೊಳವೆಗಳು ಕಿರಿದಾಗಿ ಉಸಿರು ಹೊರಬಿಡಲು ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಶುರುವಿನಲ್ಲಿ ಅದಕ್ಕೆ ಕಾಣದೇ ಇರಬಹುದು. ಇನ್ನೂ ವಿಚಿತ್ರವೆಂದರೆ, ಎರಡೂ ಕಡೆಯ ವಪೆ ಸೋತಿದ್ದರೆ ‘ರೋಗಿ ಪೂರ್ತಿ ಉಸಿರು ಎಳೆದಿಲ್ಲ’ ಎಂದು ರಿಪೋರ್ಟ್ ಬರುವುದುಂಟು. ಎಳೆಯಲಾಗದ್ದೇ ಕಾಯಿಲೆ, ಸ್ವಾಮಿ!

‘ಹಾಗಾದರೆ ಸಿ.ಟಿ.ನೇ ಮಾಡಿಸಿಬಿಡೋಣ’ ಎನ್ನಬೇಡಿ. ಅಲ್ಲಿಯೂ ಉಸಿರು ಬಿಗಿ ಹಿಡಿಸುತ್ತಾರೆ. ಉಸಿರು ಹೊರಬಿಟ್ಟ ಮೇಲೂ ಇನ್ನೊಂದು ಸುತ್ತು ತೆಗೆದರೆ ಮಾತ್ರ ಒಳಗೆ ಸಿಕ್ಕಿಬಿದ್ದ ಗಾಳಿ ತಿಳಿಯುತ್ತದೆ: ಸರಿಯಿರುವ ಭಾಗ ಬೆಳ್ಳಗಾಗುತ್ತದೆ, ಗಾಳಿ ಬಿಡದ ಭಾಗ ಕಪ್ಪಾಗಿಯೇ ಉಳಿಯುತ್ತದೆ.

ವಪೆಯ ಸ್ಕ್ಯಾನಿಗೆ ಬಸುರಿಯರಿಗೆ ಬಳಸುವ ಅಲ್ಟ್ರಾಸೌಂಡ್ ಮಷೀನೇ ಸಾಕು, ವಿಕಿರಣವಿಲ್ಲ. ಅಂಗಾತ ಮಲಗಿಸಿ, ಬಲಗಡೆ ಪಕ್ಕೆಲುಬಿನ ಕೆಳಗೆ ಪ್ರೋಬ್ ಇಟ್ಟು, ಯಕೃತ್ತಿನ ಮೂಲಕ ವಪೆಯನ್ನು ನೋಡುತ್ತಾರೆ. ತೆರೆಯ ಮೇಲೆ ಅದು ಏರಿಳಿಯುವ ಗೆರೆಯಾಗಿ ಮೂಡುತ್ತದೆ. ಏರಿಳಿತದ ಎತ್ತರವೇ ಚಲನೆಯ ಅಳತೆ. ಆರೋಗ್ಯವಂತರಲ್ಲಿ ಸಾಮಾನ್ಯ ಉಸಿರಿಗೆ ಸುಮಾರು 1.5ರಿಂದ 2 ಸೆಂ.ಮೀ., ಆಳವಾಗಿ ಎಳೆದರೆ ಗಂಡಸರಲ್ಲಿ 7, ಹೆಂಗಸರಲ್ಲಿ 6 ಸೆಂ.ಮೀ. ಆಸುಪಾಸು. ಸಿ.ಒ.ಪಿ.ಡಿ.ಯಲ್ಲಿ ಗಾಳಿ ತುಂಬಿ ಶ್ವಾಸಕೋಶ ಊದಿಕೊಂಡಿರುತ್ತದೆ, ವಪೆ ಆಗಲೇ ಚಪ್ಪಟೆ. ಇನ್ನೂ ಕೆಳಗಿಳಿಯಲು ಜಾಗವೆಲ್ಲಿ? ಅಳತೆ ಕುಗ್ಗುತ್ತದೆ. ‘ಮೂಗಿಂದ ಜೋರಾಗಿ ಒಮ್ಮೆ ಎಳೀರಿ’ ಎಂದಾಗ ವಪೆ ಕೆಳಗಿಳಿಯುವ ಬದಲು ಮೇಲೇರಿದರೆ, ಆ ಕಡೆಯ ವಪೆಯನ್ನು ಆಡಿಸುವ ನರ ಕೆಲಸ ಮಾಡುತ್ತಿಲ್ಲವೇ ಎಂದು ನೋಡಬೇಕಾಗುತ್ತದೆ.

ಎಡವಟ್ಟಾಗುವುದೂ ಇಲ್ಲೇ. ಪ್ರೋಬ್ ಓರೆಯಾದರೆ ಅಳತೆ ಸುಳ್ಳು. ರೋಗಿ ಅರೆಬರೆ ಎಳೆದರೂ ಸುಳ್ಳು. ಅದಕ್ಕೇ ಮೂರು ಸಲ ಎಳೆಸುವುದು. ಎಡಗಡೆ ಹೊಟ್ಟೆಯ ಗಾಳಿ ಅಡ್ಡ ಬರುತ್ತದೆ, ಕಾಣಲು ಗುಲ್ಮದ (ಸ್ಪ್ಲೀನ್) ಸಣ್ಣ ಕಿಂಡಿಯೊಂದೇ. ‘ಎಡಗಡೆ ಕಾಣಲಿಲ್ಲ’ ಎಂದು ಬರೆದಿದ್ದರೆ ಸ್ಕ್ಯಾನ್ ಮಾಡಿದವರ ಕೈ ಸರಿಯಿಲ್ಲ ಎಂದುಕೊಳ್ಳಬೇಡಿ.

ಆದರೆ ಸಿ.ಒ.ಪಿ.ಡಿ. ಹೌದೋ ಅಲ್ಲವೋ ತೀರ್ಮಾನಿಸುವುದು ಸ್ಪೈರೋಮೆಟ್ರಿ, ಅಂದರೆ ಊದುವ ಪರೀಕ್ಷೆ. ಅದು ಆಗಿಲ್ಲದಿದ್ದರೆ ಮೊದಲು ಅದನ್ನೇ ಕೇಳಿ.

ಇನ್ನೊಂದು ಮಾತು, ಯಾರೂ ಕೇಳಿಲ್ಲ, ಆದರೂ. ಶ್ವಾಸಕೋಶದ ಕ್ಯಾನ್ಸರಿಗೆ ರೇಡಿಯೇಷನ್ ಕೊಡುವ ಮೊದಲು, ಬಿಗಿ ಹಿಡಿಸದೆ ಉಸಿರಾಡಿಸುತ್ತಲೇ ಸಿ.ಟಿ. ತೆಗೆಯುವುದುಂಟು. ವಪೆಯ ಹತ್ತಿರದ ಗೆಡ್ಡೆ ಪ್ರತಿ ಉಸಿರಿಗೂ ಒಂದೆರಡು ಸೆಂ.ಮೀ. ಜಾರಬಹುದು. ಒಂದು ಉಸಿರನ್ನು ಸಾಮಾನ್ಯವಾಗಿ 10 ಹಂತಗಳಾಗಿ ವಿಂಗಡಿಸಿ, ಗೆಡ್ಡೆ ಎಲ್ಲೆಲ್ಲಿಗೆ ಹೋಗುತ್ತದೆಂದು ಗುರುತು ಮಾಡುತ್ತಾರೆ. ಅಲ್ಲಿ ಮಲಗಿದಾಗ ಗಾಬರಿಯಿಂದ ದಬದಬ ಉಸಿರಾಡಿದರೆ ಆ ಗುರುತೇ ತಪ್ಪುತ್ತದೆ. ಮನೆಯಲ್ಲಿ ಮಲಗಿದಾಗ ಹೇಗೋ ಹಾಗೆ ಉಸಿರಾಡಿ.