ಚಂದ್ರನ ನೆಲಕ್ಕೆ ಥರ್ಮಾಮೀಟರ್ ಚುಚ್ಚುವುದು ಯಾಕೆ ಕಷ್ಟ?

ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಇಳಿದ ನಾಲ್ಕೇ ದಿನಕ್ಕೆ, 2023ರ ಆಗಸ್ಟ್ 27ರಂದು, ಇಸ್ರೋ ಒಂದು ಗ್ರಾಫ್ ಬಿಡುಗಡೆ ಮಾಡಿತು. ಚಂದ್ರನ ನೆಲದ ಮೇಲೆ 50 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ. ಅಲ್ಲಿಂದ 8 ಸೆಂಟಿಮೀಟರ್ ಕೆಳಗೆ ಹೋದರೆ ಸೊನ್ನೆಗಿಂತ ಸುಮಾರು 10 ಡಿಗ್ರಿ ಕಡಿಮೆ. ಒಂದು ಅಂಗೈ ಅಗಲದ ಮಣ್ಣಿನಲ್ಲಿ 60 ಡಿಗ್ರಿ ವ್ಯತ್ಯಾಸ! ಇದನ್ನು ಅಳೆದದ್ದು ಚಾಸ್ಟೆ ಎಂಬ ಉಪಕರಣ. ತಿರುವನಂತಪುರದ ಬಾಹ್ಯಾಕಾಶ ಭೌತಶಾಸ್ತ್ರ ಪ್ರಯೋಗಾಲಯ ಮತ್ತು ಅಹಮದಾಬಾದಿನ ಭೌತಶಾಸ್ತ್ರ ಸಂಶೋಧನಾ ಪ್ರಯೋಗಾಲಯ ಪಿಆರ್‌ಎಲ್ ಸೇರಿ ಮಾಡಿದ್ದು. ಲ್ಯಾಂಡರಿನಿಂದ ಇಳಿದು ಮಣ್ಣಿಗೆ ಚುಚ್ಚಿಕೊಳ್ಳುವ ಒಂದು ಕಡ್ಡಿ, ಅದರ ಉದ್ದಕ್ಕೂ 10 ಸೆನ್ಸರ್.

ಉಷ್ಣಾಂಶದ ಸೆನ್ಸರ್‌ಗಳನ್ನು ನಿರ್ವಾತ ಪೆಟ್ಟಿಗೆಯೊಳಗೆ ಇಟ್ಟು ಪರೀಕ್ಷಿಸುವುದು ನನ್ನ ವೃತ್ತಿ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಥರ್ಮಾಮೀಟರ್ ಹೇಳುವುದು ತನ್ನ ಉಷ್ಣಾಂಶವನ್ನು, ನೀವು ಕೇಳಿದ ವಸ್ತುವಿನದ್ದನ್ನಲ್ಲ. ಎರಡೂ ಒಂದೇ ಆಗುವ ಹಾಗೆ ನೋಡಿಕೊಳ್ಳುವುದೇ ನಮ್ಮ ಕೆಲಸ. ಭೂಮಿಯ ಮೇಲೆ ಗಾಳಿ ಇದಕ್ಕೆ ಸಹಾಯ ಮಾಡುತ್ತದೆ. ಸೆನ್ಸರಿಗೂ ಮಣ್ಣಿಗೂ ನಡುವೆ ಸಣ್ಣ ಸಂದಿ ಇದ್ದರೂ ಗಾಳಿ ಶಾಖವನ್ನು ದಾಟಿಸುತ್ತದೆ. ಪೆಟ್ಟಿಗೆಯಿಂದ ಗಾಳಿ ತೆಗೆದ ಕೂಡಲೇ ಆ ದಾರಿ ಬಂದ್. ಚಂದ್ರನ ಮಣ್ಣಿನಲ್ಲೂ ಹಾಗೇ. ಕಣಗಳ ನಡುವೆ ಏನೂ ಇಲ್ಲ. ಒಂದು ಕಣ ಇನ್ನೊಂದಕ್ಕೆ ತಾಗುವ ಚೂರು ಜಾಗದಲ್ಲಿ, ಮತ್ತೆ ಸ್ವಲ್ಪ ವಿಕಿರಣದಿಂದ ಮಾತ್ರ ಶಾಖ ಸಾಗಬೇಕು. ಹಾಗಾಗಿ ಆ ಮಣ್ಣು ಥರ್ಮೋಕೋಲ್‌ಗಿಂತಲೂ ಚೆನ್ನಾಗಿ ಶಾಖ ತಡೆಯುತ್ತದೆ. ಗ್ರಾಫಿನ ಆ 60 ಡಿಗ್ರಿಗೆ ಕಾರಣ ಇದೇ.

ಇಂಥ ಮಣ್ಣಿಗೆ ಲೋಹದ ಕಡ್ಡಿ ಚುಚ್ಚಿದರೆ ಏನಾಗುತ್ತದೆ? ಮೇಲಿನ ಬಿಸಿ ಮಣ್ಣನ್ನು ಬಿಟ್ಟು ಕಡ್ಡಿಯಲ್ಲೇ ಸರಸರ ಇಳಿಯುತ್ತದೆ. ನೀವು ಅಳೆಯುವುದು ಕಡ್ಡಿಯನ್ನು. ಅಪೊಲೊ ಯಾತ್ರಿಗಳು ಶಾಖ ಅಳೆಯುವ ಕಡ್ಡಿಗಳನ್ನು ಇಳಿಸಲು ಫೈಬರ್‌ಗ್ಲಾಸ್ ಕೊಳವೆ ಒಯ್ದದ್ದು ಇದಕ್ಕೇ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಸುಮಾರು 3 ಮೀಟರ್ ಕೊರೆಯಬೇಕಿತ್ತು. ಕೆಳಗಿನ ಮಣ್ಣು ಗಟ್ಟಿಯಾಗಿ ಅದುಮಿಕೊಂಡಿತ್ತು. ಅರ್ಧ ದೂರ ಹೋಗುವಷ್ಟರಲ್ಲಿ ಸಾಕುಸಾಕಾಯಿತು. ಮರುವರ್ಷ ಅಪೊಲೊ 16ರಲ್ಲಿ ಜಾನ್ ಯಂಗ್ ಅವರ ಕಾಲಿಗೆ ಕೇಬಲ್ ಸಿಕ್ಕಿ ಕಿತ್ತುಹೋಯಿತು, ಆ ಪ್ರಯೋಗ ಅಲ್ಲಿಗೇ ಮುಗಿಯಿತು. ಅಪೊಲೊ 17ರಲ್ಲಿ ಎರಡು ಮೀಟರ್ ದಾಟಿ ಇಳಿಸಲು ಆಯಿತು.

ಆ ಕಡ್ಡಿಗಳು 1977ರವರೆಗೆ ಮಾಹಿತಿ ಕಳಿಸಿದವು. ಅದರಲ್ಲಿ ಒಂದು ವಿಚಿತ್ರವಿತ್ತು. ಹಗಲು ರಾತ್ರಿಯ ಏರಿಳಿತ ತಲುಪದ ಆಳದಲ್ಲೂ ಮಣ್ಣು ವರ್ಷದಿಂದ ವರ್ಷಕ್ಕೆ ನಿಧಾನವಾಗಿ ಬಿಸಿಯಾಗುತ್ತಿತ್ತು. ದಶಕಗಳ ಕಾಲ ಇದಕ್ಕೆ ಒಪ್ಪುವ ಉತ್ತರ ಸಿಗಲಿಲ್ಲ. ಆಮೇಲೆ ಕಳೆದುಹೋಗಿದ್ದ 1975ರ ಟೇಪುಗಳನ್ನು ಹುಡುಕಿ ತೆಗೆದು ಓದಿದ ಸೀಚಿ ನಾಗಿಹಾರಾ ಮತ್ತು ಸಂಗಡಿಗರು 2018ರಲ್ಲಿ ಒಂದು ವಿವರಣೆ ಕೊಟ್ಟರು. ಯಾತ್ರಿಗಳು ಓಡಾಡಿ ಮೇಲಿನ ಮಣ್ಣನ್ನು ಕದಡಿದ್ದರು. ಕದಡಿದ ಮಣ್ಣು ಸ್ವಲ್ಪ ಕಪ್ಪಾಯಿತು, ಹಾಗಾಗಿ ಜಾಸ್ತಿ ಬಿಸಿಲು ಹೀರಿತು. ಆ ಬಿಸಿ ವರ್ಷಗಟ್ಟಲೆ ಕೆಳಗಿಳಿಯುತ್ತಾ ಹೋಯಿತು. ನನ್ನ ಮಟ್ಟಿಗೆ ಇಡೀ ಅಪೊಲೊ ಕಾರ್ಯಕ್ರಮದ ಅತಿ ದೊಡ್ಡ ಪಾಠಗಳಲ್ಲಿ ಇದೂ ಒಂದು. ಅಳೆಯಲು ಹೋದವರ ಹೆಜ್ಜೆಯೇ ಅಳತೆಯೊಳಗೆ ಸೇರಿಕೊಂಡಿತ್ತು.

ವಿಕ್ರಮ್ ಇಳಿಯುವಾಗಲೂ ಎಂಜಿನ್ ರಭಸಕ್ಕೆ ಸುಮಾರು 2 ಟನ್ ಮಣ್ಣು ಹಾರಿ, 108 ಚದರ ಮೀಟರ್ ಜಾಗದಲ್ಲಿ ಹರಡಿತ್ತು ಎಂದು ಕಕ್ಷೆಯ ಚಿತ್ರಗಳಿಂದ ಲೆಕ್ಕ ಹಾಕಿದ್ದಾರೆ. ಚಾಸ್ಟೆಯ ಅಂಕಿಗಳನ್ನು ಓದುವಾಗ ಇದೂ ನೆನಪಿರಬೇಕು, ಅಲ್ವಾ?

ಇನ್ನು ಚುಚ್ಚುವ ಕಷ್ಟ. ನಾಸಾದ ಇನ್‌ಸೈಟ್ ನೌಕೆ ಮಂಗಳಕ್ಕೆ ಜರ್ಮನಿಯ ಒಂದು ಸಾಧನ ಒಯ್ದಿತ್ತು. ಒಳಗಿನ ಸುತ್ತಿಗೆಯಿಂದ ತನ್ನನ್ನೇ ಬಡಿದುಕೊಂಡು 5 ಮೀಟರ್ ಇಳಿಯಬೇಕಾದ ಕೊಳವೆ ಅದು. ಪ್ರತಿ ಪೆಟ್ಟಿಗೂ ಹಿಂದಕ್ಕೆ ಪುಟಿಯದಂತೆ ಸುತ್ತಲಿನ ಮಣ್ಣು ಅದನ್ನು ಹಿಡಿದುಕೊಳ್ಳಬೇಕು. ಮಂಗಳದ ಮಣ್ಣು ಹಿಡಿಯಲೇ ಇಲ್ಲ. ಸುಮಾರು ಎರಡು ವರ್ಷ ಪ್ರಯತ್ನಿಸಿ 2021ರ ಜನವರಿಯಲ್ಲಿ ಕೈಬಿಟ್ಟರು. ಚಾಸ್ಟೆಯಲ್ಲಿ ಸುತ್ತಿಗೆ ಇಲ್ಲ. ಮೋಟಾರು ಕಡ್ಡಿಯನ್ನು ಮೆಲ್ಲಗೆ ಒತ್ತುತ್ತದೆ, ಎದುರು ಬಲಕ್ಕೆ ಇಡೀ ಲ್ಯಾಂಡರಿನ ಭಾರ ಇದೆ. ಆಳ 10 ಸೆಂಟಿಮೀಟರ್ ಮಾತ್ರ. ಆಸೆ ಸಣ್ಣದು ಅನ್ನಿಸಬಹುದು. ನನಗೆ ಅದು ಸರಿಯಾದ ಆಸೆ.

ಗ್ರಾಫ್ ಬಂದಾಗ ಅಲ್ಲಿ ಇನ್ನೂ ಬೆಳಗಿನ ಹೊತ್ತು. ಮಧ್ಯಾಹ್ನದ ಹೊತ್ತಿಗೆ ಅದೇ ಜಾಗ 82 ಡಿಗ್ರಿ ಮುಟ್ಟಿತು. ವಿಜ್ಞಾನಿಗಳು ಎಣಿಸಿದ್ದಕ್ಕಿಂತ ಸುಮಾರು 25 ಡಿಗ್ರಿ ಜಾಸ್ತಿ. ಒಂದೇ ಮೀಟರ್ ಆಚೆ, ಸಮತಟ್ಟಾದ ನೆಲದಲ್ಲಿ 59 ಡಿಗ್ರಿ! 2025ರಲ್ಲಿ ಪ್ರಕಟವಾದ ಪ್ರಬಂಧ ಕಾರಣ ಹೇಳಿತು: ಕಡ್ಡಿ ಚುಚ್ಚಿದ ಜಾಗ ಸೂರ್ಯನ ಕಡೆಗೆ 6 ಡಿಗ್ರಿ ವಾಲಿತ್ತು.

ಇಷ್ಟು ಸಣ್ಣ ಇಳಿಜಾರಿಗೆ ಇಷ್ಟೊಂದು ಬಿಸಿಯಾ? ಲೆಕ್ಕ ಮಾಡಿ ನೋಡೋಣ. ಜಾಗ ಇರುವುದು 69 ಡಿಗ್ರಿ ದಕ್ಷಿಣದಲ್ಲಿ. ನಡು ಮಧ್ಯಾಹ್ನವೂ ಸೂರ್ಯ ದಿಗಂತದಿಂದ ಸುಮಾರು 21 ಡಿಗ್ರಿ ಮಾತ್ರ ಮೇಲಿರುತ್ತಾನೆ. ನೆಲ 6 ಡಿಗ್ರಿ ವಾಲಿದರೆ ಬಿಸಿಲು ಬೀಳುವ ಕೋನ 27 ಆಗುತ್ತದೆ. ಎರಡು ಕೋನಗಳ ಸೈನ್ ಬೆಲೆ ಹೋಲಿಸಿದರೆ, ಬೀಳುವ ಶಾಖ ಕಾಲು ಭಾಗಕ್ಕಿಂತ ಜಾಸ್ತಿ ಏರುತ್ತದೆ. ಉಷ್ಣಾಂಶ ಶಾಖದ ನಾಲ್ಕನೇ ಮೂಲದಂತೆ ಏರುವುದರಿಂದ, ಅದು 6 ಪರ್ಸೆಂಟ್ ಆಸುಪಾಸು ಬರುತ್ತದೆ. ಸಮತಟ್ಟು ನೆಲದ 59 ಡಿಗ್ರಿ ಎಂದರೆ ಪರಮ ಶೂನ್ಯದಿಂದ ಎಣಿಸುವ ಕೆಲ್ವಿನ್ ಅಳತೆಯಲ್ಲಿ 332. ಅದರ 6 ಪರ್ಸೆಂಟ್ ಸುಮಾರು 20 ಡಿಗ್ರಿ. ಅಳೆದ ವ್ಯತ್ಯಾಸ 23. ಕಾಗದದ ಮೇಲಿನ ಒರಟು ಲೆಕ್ಕಕ್ಕೆ ಇಷ್ಟು ಹತ್ತಿರ ಬಂದದ್ದು ನೋಡಿ ನಿಜಕ್ಕೂ ಖುಷಿಯಾಯಿತು. ಸಮಭಾಜಕದಲ್ಲಿ, ಸೂರ್ಯ ನೆತ್ತಿಯ ಮೇಲಿದ್ದಾಗ, ಇದೇ 6 ಡಿಗ್ರಿ ಇಳಿಜಾರು ಹೆಚ್ಚೇನೂ ವ್ಯತ್ಯಾಸ ಮಾಡುವುದಿಲ್ಲ. ಅಪೊಲೊ ಯಾತ್ರಿಗಳು ಇಳಿದದ್ದೆಲ್ಲ ಅದರ ಹತ್ತಿರದ ಜಾಗಗಳಲ್ಲೇ.

ಕಕ್ಷೆಯಲ್ಲಿ ಸುತ್ತುವ ಉಪಕರಣಕ್ಕೆ ಇದು ಕಾಣುವುದಿಲ್ಲ. ನಾಸಾದ ಎಲ್‌ಆರ್‌ಒ ನೌಕೆಯ ಡಿವೈನರ್ 2009ರಿಂದ ಚಂದ್ರನ ಉಷ್ಣಾಂಶದ ನಕ್ಷೆ ಮಾಡುತ್ತಿದೆ. ಬಹಳ ದೊಡ್ಡ ಕೆಲಸ ಅದು. ಆದರೆ ಅದರ ಒಂದು ಚುಕ್ಕಿಯೊಳಗೆ ನೂರಾರು ಮೀಟರ್ ನೆಲದ ಸರಾಸರಿ ಇರುತ್ತದೆ. ಒಂದು ಮೀಟರಿನ ಉಬ್ಬುತಗ್ಗು ಅದರಲ್ಲಿ ಕರಗಿಹೋಗುತ್ತದೆ.

ಚಂದ್ರನಲ್ಲಿ ನೀರು ಎಲ್ಲಿದೆ ಎಂಬ ಪ್ರಶ್ನೆಗೂ ಇದು ಸೇರಿದ್ದು. ಸೂರ್ಯನತ್ತ ವಾಲಿದ ನೆಲ ಇಷ್ಟು ಬಿಸಿಯಾದರೆ, ಬೆನ್ನು ಹಾಕಿದ ನೆಲ ಅಷ್ಟೇ ತಂಪಾಗಿರಬೇಕು. ಇಂಥ ಅಕ್ಷಾಂಶಗಳಲ್ಲಿ ಧ್ರುವದ ಕಡೆಗೆ 14 ಡಿಗ್ರಿಗಿಂತ ಜಾಸ್ತಿ ವಾಲಿದ ಇಳಿಜಾರುಗಳಲ್ಲಿ, ಸ್ವಲ್ಪವೇ ಆಳದಲ್ಲಿ ಮಂಜುಗಡ್ಡೆ ಉಳಿದಿರಬಹುದು ಎಂದು ಅದೇ ಪ್ರಬಂಧ ಹೇಳುತ್ತದೆ. ಅಂಥ ಜಾಗಗಳಲ್ಲಿ ಇಳಿಯುವುದು ಧ್ರುವದ ಕತ್ತಲ ಕುಳಿಗಳಿಗಿಂತ ಸುಲಭ.

ಇಸ್ರೋ ಮತ್ತು ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾ ಸೇರಿ ಯೋಜಿಸಿರುವ ಚಂದ್ರಯಾತ್ರೆ ಲುಪೆಕ್ಸ್‌ನ ರೋವರ್ ಧ್ರುವದ ಬಳಿ 1.5 ಮೀಟರ್ ಕೊರೆಯಲಿದೆ. ಅಲ್ಲಿ ತೊಂದರೆ ಇನ್ನೂ ಹೆಚ್ಚು. ಡ್ರಿಲ್ ತಿರುಗಿದರೆ ಬಿಸಿ ಹುಟ್ಟುತ್ತದೆ. ಆ ಮಣ್ಣು ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ. ನಿರ್ವಾತದಲ್ಲಿ ಮಂಜುಗಡ್ಡೆ ನೀರಾಗದೆ ನೇರ ಆವಿಯಾಗಿ ಹೋಗುತ್ತದೆ. ಹಾಗಾಗಿ ಕೊರೆಯುವ ವೇಗ, ನಡುನಡುವೆ ನಿಲ್ಲಿಸಿ ಆರಲು ಬಿಡುವ ಹೊತ್ತು, ಡ್ರಿಲ್‌ನ ತುದಿ ಎಷ್ಟು ಬಿಸಿಯಾಯಿತು ಎಂಬ ದಾಖಲೆ, ಇವು ಮೂರೂ ಇಲ್ಲದೆ ಬರುವ ನೀರಿನ ಅಂಕಿಯನ್ನು ನಾನಂತೂ ನಂಬುವುದಿಲ್ಲ.