ರಿಚಿ ಬೆನೊಗೆ ಮೈಕ್ ಸಿಕ್ಕಿದ್ದು ನಾಯಕನಾಗಿದ್ದಕ್ಕೇ?

ಪ್ರಶ್ನೆ: ಈಗ ನಿವೃತ್ತರಾದ ಆಟಗಾರರೆಲ್ಲ ವೀಕ್ಷಕ ವಿವರಣೆಗೆ ಬಂದು ಕೂರುತ್ತಾರೆ. ರಿಚಿ ಬೆನೊ ಕೂಡ ಆಸ್ಟ್ರೇಲಿಯಾ ಕ್ರಿಕೆಟ್ ತಂಡದ ನಾಯಕ ಎಂಬ ಹೆಸರಿನ ಬಲದಿಂದಲೇ ಆ ಕುರ್ಚಿ ಹಿಡಿದವರಲ್ಲವೇ?

ಅಲ್ಲ. ನಾಯಕನಾಗುವ ಎರಡು ವರ್ಷ ಮೊದಲೇ ಬೆನೊ ಈ ಕೆಲಸ ಕಲಿಯಲು ಹೊರಟಿದ್ದರು. 1956ರ ಇಂಗ್ಲೆಂಡ್ ಪ್ರವಾಸ ಮುಗಿದ ಮೇಲೆ ಲಂಡನ್ನಿನಲ್ಲೇ ಉಳಿದು ಬಿಬಿಸಿಯ ಟೆಲಿವಿಷನ್ ತರಬೇತಿ ಪಡೆದರು. ಅವರ ದೇಶದಲ್ಲಿ ಟೆಲಿವಿಷನ್ ಪ್ರಸಾರ ಶುರುವಾದದ್ದೇ ಆ ವರ್ಷ! ಮುಂದೆ ಸಿಡ್ನಿಯ 'ದಿ ಸನ್' ಪತ್ರಿಕೆಗೆ ಪೊಲೀಸ್ ಸುದ್ದಿ ಬರೆದರು. ಅವರ ಮಾತಿನಲ್ಲಿ ಒಂದು ಪದವೂ ಹೆಚ್ಚಾಗದಿರುವುದಕ್ಕೆ ಆ ವರದಿಗಾರಿಕೆಯೂ ಕಾರಣವೆಂದು ನಾನು ನಂಬಿದ್ದೇನೆ.

63 ಟೆಸ್ಟ್‌ಗಳಲ್ಲಿ 248 ವಿಕೆಟ್ ಪಡೆದು 1964ರಲ್ಲಿ ಆಟ ನಿಲ್ಲಿಸುವ ಹೊತ್ತಿಗೆ ಬಿಬಿಸಿಯ ಪರದೆಗೆ ಅವರು ಹೊಸಬರಾಗಿರಲಿಲ್ಲ. 1977ರಿಂದ ಆಸ್ಟ್ರೇಲಿಯಾದ ಚಾನೆಲ್ ನೈನ್ ಕೂಡ ಅವರ ಮನೆಯಾಯಿತು.

ರೇಡಿಯೊ ಕಾಮೆಂಟರಿ ಕೇಳಿ ಬೆಳೆದ ನಮಗೆ ಅವರ ಮೌನ ಮೊದಲು ವಿಚಿತ್ರವೆನಿಸುತ್ತಿತ್ತು. ರೇಡಿಯೊದವರು ಮೈದಾನವನ್ನೇ ಕಿವಿಗೆ ಕಟ್ಟಿಕೊಡಬೇಕು. ಟೆಲಿವಿಷನ್ ನೋಡುವವನಿಗೆ ಚೆಂಡು ಬೌಂಡರಿ ದಾಟಿದ್ದು ಕಾಣುತ್ತಿದೆ. ಅದನ್ನೇ ಮತ್ತೆ ಹೇಳುವುದೇಕೆ? ಚಿತ್ರಕ್ಕೆ ಏನಾದರೂ ಸೇರಿಸಲು ಸಾಧ್ಯವಿದ್ದರೆ ಮಾತ್ರ ಬಾಯಿ ತೆರೆಯಬೇಕು ಎಂಬುದು ಬೆನೊ ಪಾಲಿಸಿದ ನಿಯಮ.

ಹಾಗೆಂದು ಅದು ಯಾರಿಗೂ ನೋವಾಗದಿರಲೆಂಬ ಮೌನವಲ್ಲ. 1981ರ ಫೆಬ್ರುವರಿ 1ರಂದು ಮೆಲ್ಬರ್ನ್‌ನಲ್ಲಿ ನ್ಯೂಜಿಲೆಂಡಿಗೆ ಪಂದ್ಯ ಸಮ ಮಾಡಿಕೊಳ್ಳಲು ಕೊನೆಯ ಎಸೆತದಲ್ಲಿ 6 ರನ್ ಬೇಕಿತ್ತು. ಸಿಕ್ಸರ್ ಹೊಡೆಯಲಾಗದಂತೆ ಆಸ್ಟ್ರೇಲಿಯಾದ ನಾಯಕ ಗ್ರೆಗ್ ಚಾಪೆಲ್, ಬೌಲ್ ಮಾಡುತ್ತಿದ್ದ ತಮ್ಮ ಟ್ರೆವರ್‌ಗೆ ಹೇಳಿ ಚೆಂಡನ್ನು ನೆಲದ ಮೇಲೆ ಉರುಳಿಸಿದರು. ಕ್ರಿಕೆಟ್ ಮೈದಾನದಲ್ಲಿ ತಾವು ಕಂಡ ಅತ್ಯಂತ ಕೆಟ್ಟ ಕೆಲಸಗಳಲ್ಲಿ ಇದೂ ಒಂದು ಎಂದು ಬೆನೊ ಅಂದಿನ ಪ್ರಸಾರದಲ್ಲೇ ಹೇಳಿದರು. ಸ್ವಂತ ದೇಶದ ತಂಡದ ಬಗ್ಗೆ, ಸ್ವಂತ ದೇಶದ ವೀಕ್ಷಕರೆದುರು!

ಇಂಗ್ಲೆಂಡಿನಲ್ಲಿ ಅವರ ಕೊನೆಯ ಪ್ರಸಾರ 2005ರ ಸೆಪ್ಟೆಂಬರ್ 12ರಂದು, ಲಂಡನ್ನಿನ ಓವಲ್ ಮೈದಾನದಲ್ಲಿ. ಮುಂದಿನ ವರ್ಷದಿಂದ ಅಲ್ಲಿನ ಟೆಸ್ಟ್‌ಗಳು ಹಣ ಕೊಟ್ಟು ನೋಡುವ ಚಾನೆಲ್ಲಿಗೆ ಹೋಗಲಿದ್ದವು. ಎಲ್ಲರಿಗೂ ಉಚಿತವಾಗಿ ಸಿಗುವ ಪ್ರಸಾರದಲ್ಲೇ ನಂಬಿಕೆಯಿಟ್ಟಿದ್ದ ಬೆನೊ ಅತ್ತ ಹೋಗಲಿಲ್ಲ. 42 ಬೇಸಿಗೆಗಳ ನಂತರ ವೀಕ್ಷಕರಿಗೆ ವಂದನೆ ಹೇಳುತ್ತಿದ್ದರು. ಅದೇ ಹೊತ್ತಿಗೆ, 158 ರನ್ ಗಳಿಸಿದ್ದ ಇಂಗ್ಲೆಂಡಿನ ಕೆವಿನ್ ಪೀಟರ್ಸನ್ ಅವರನ್ನು ಆಸ್ಟ್ರೇಲಿಯಾದ ಗ್ಲೆನ್ ಮೆಕ್‌ಗ್ರಾತ್ ಬೌಲ್ಡ್ ಮಾಡಿದರು. ಬೆನೊ ವಿದಾಯದ ಮಾತನ್ನು ಅಲ್ಲಿಗೇ ತಡೆದರು, ವಿಕೆಟ್ ಬಿದ್ದ ಬಗೆಯನ್ನು ಹೇಳಿದರು, ಆಮೇಲೆ ಉಳಿದ ವಂದನೆಯನ್ನು ಮುಗಿಸಿದರು.