ಸವೆಯಲಿಕ್ಕೆ ಮೂಳೆಯೇನು ಚಪ್ಪಲಿಯೇ?

ಪಕ್ಕದ ಮನೆಯ ಹುಡುಗಿ ಏಳನೇ ಕ್ಲಾಸು. ಮೊನ್ನೆ ಅಂಗಳದಲ್ಲಿ ಸೀಮೆಸುಣ್ಣದಿಂದ ಮನೆ ಬರೆದು ಗೆಳತಿಯರ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದಳು. ಒಳಗಿಂದ ಅಜ್ಜಿಯ ದನಿ: "ಸಾಕು ಕುಣಿದಿದ್ದು, ಬಾರೇ ಒಳಗೆ. ದೊಡ್ಡವಳಾಗೋ ಹೊತ್ತಿಗೆ ಮಂಡಿ ಸವೆಸ್ಕೊಂಡು ಕೂತ್ಕೋತೀಯ." ಹುಡುಗಿ ಬಿಲ್ಲೆ ಬಿಸಾಕಿ ಒಳಗೆ ಹೋದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಆಟದಿಂದ ಮನಸ್ಸು ಹಗುರಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ ಎಂದು ಬರೆಯುವವರು ಬೇಕಾದಷ್ಟಿದ್ದಾರೆ. ಹಾಲು, ರಾಗಿ, ಬಿಸಿಲಿನ ಮಾತೂ ಹಳೆಯದೇ. ನನ್ನ ಹುಚ್ಚು ಮೂಳೆ.

1866ರ ಸುಮಾರಿಗೆ ಜೂರಿಕ್‌ನಲ್ಲಿ ಹರ್ಮನ್ ಫಾನ್ ಮೇಯರ್ ಎಂಬ ಅಂಗರಚನಾ ಶಾಸ್ತ್ರಜ್ಞ ತೊಡೆಮೂಳೆಯ ತಲೆಯನ್ನು ಸೀಳಿ, ಒಳಗಿನ ಜಾಲರಿಯನ್ನು ತೋರಿಸುತ್ತಿದ್ದ. ನೋಡುತ್ತಿದ್ದವರಲ್ಲಿ ಕಾರ್ಲ್ ಕುಲ್‌ಮನ್ ಎಂಬ ಎಂಜಿನಿಯರ್ ಒಬ್ಬ. ಅವನ ಕಣ್ಣಿಗೆ ಬಿದ್ದದ್ದು ಕ್ರೇನ್! ಭಾರ ಎತ್ತುವಾಗ ಕ್ರೇನಿನ ತೋಳಿನಲ್ಲಿ ಎಳೆತ, ಒತ್ತಡಗಳು ಹರಿಯುವ ಗೆರೆಗಳಿಗೂ ಆ ಜಾಲರಿಗೂ ಹೋಲಿಕೆಯಿತ್ತು. ಹೊರೆ ಬದಲಾದರೆ ಮೂಳೆಯ ರಚನೆಯೂ ಬದಲಾಗುತ್ತದೆ ಎಂದು 1892ರಲ್ಲಿ ಬರ್ಲಿನ್ನಿನ ಸರ್ಜನ್ ಜೂಲಿಯಸ್ ವುಲ್ಫ್ ಸೂತ್ರ ಕಟ್ಟಿದ. ವಿವರಗಳಲ್ಲಿ ಎಡವಿದ್ದ, ಆದರೆ ಹಿಡಿದ ದಾರಿ ಸರಿಯಿತ್ತು.

ಮೂಳೆಗೆ ಹೊರೆ ಬಿದ್ದದ್ದು ಗೊತ್ತಾಗುವುದು ಹೇಗೆ? ಗಟ್ಟಿ ಮೂಳೆಯೊಳಗೆ ಸಣ್ಣ ಸಣ್ಣ ಗೂಡುಗಳಿವೆ. ಗೂಡಿಗೊಂದು ಜೀವಕೋಶ. ಗೂಡಿನಿಂದ ಗೂಡಿಗೆ ಕೂದಲಿಗಿಂತ ತೆಳುವಾದ ಕಾಲುವೆಗಳು, ಅವುಗಳ ತುಂಬ ದ್ರವ. ಒಂಟಿಕಾಲಲ್ಲಿ ಕುಪ್ಪಳಿಸಿ ನೆಲಕ್ಕೆ ಬಿದ್ದಾಗ ಮೈತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಮೂಳೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ನೆನೆದ ಸ್ಪಂಜನ್ನು ಅದುಮಿದಂತೆ ದ್ರವ ಆ ಬದಿಯಿಂದ ಈ ಬದಿಗೆ ನುಗ್ಗುತ್ತದೆ. ತೋಟಕ್ಕೆ ನೀರು ಬಿಟ್ಟಾಗ ಕಾಲುವೆಯಂಚಿನ ಹುಲ್ಲು ತೊನೆಯುವುದಿಲ್ಲವೆ, ಹಾಗೆ ಆ ಕೋಶಗಳಿಗೂ ಹರಿವಿನ ಸೆಳೆತ ತಾಗುತ್ತದೆ. ಸುಮ್ಮನೆ ಕೂತ ಮೂಳೆಯಲ್ಲಿ ಅವು ಸ್ಕ್ಲೆರೋಸ್ಟಿನ್ ಎಂಬ ಪ್ರೋಟೀನನ್ನು ಸುರಿಸುತ್ತಿರುತ್ತವೆ. ಗಾರೆ ಕೆಲಸದವರಿಗೆ ಮೇಸ್ತ್ರಿ "ಇವತ್ತು ಕೆಲಸ ಇಲ್ಲ, ಹೋಗ್ರಪ್ಪ" ಎಂದಂತೆ. ಹರಿವು ತಾಗಿದ ಕಡೆ ಆ ಪ್ರೋಟೀನು ಇಳಿಯುತ್ತದೆ, ಮೂಳೆ ಕಟ್ಟುವ ಕೋಶಗಳು ಕರಣೆ ಹಿಡಿಯುತ್ತವೆ.

ಇನ್ನೂ ಸ್ವಾರಸ್ಯದ್ದೊಂದಿದೆ. ಈ ಕೋಶಗಳಿಗೆ ಬಲುಬೇಗ ಬೇಜಾರಾಗುತ್ತದೆ. ಕಾಲಿಂಗ್ ಬೆಲ್ ಒಂದೆರಡು ಸಲ ಬಾರಿಸಿದರೆ ಬಾಗಿಲು ತೆಗೆಯುತ್ತೇವೆ, ಒತ್ತುತ್ತಲೇ ಇದ್ದರೆ ಯಾವನೋ ಪೋಲಿ ಎಂದು ಸುಮ್ಮನಾಗುತ್ತೇವೆ. ಜಪಾನಿನ ಒಂದು ಪ್ರಯೋಗದಲ್ಲಿ ದಿನಕ್ಕೆ ಬರೀ 5 ಸಲ ಜಿಗಿದ ಇಲಿಗಳ ಮೂಳೆಯೂ ದಪ್ಪವಾಯಿತು. 100 ಸಲ ಜಿಗಿದವಕ್ಕೆ 20 ಪಟ್ಟು ಲಾಭವೇನೂ ಆಗಲಿಲ್ಲ. ಮಧ್ಯೆ ಬಿಡುವು ಸಿಕ್ಕರೆ ಕೋಶಗಳ ಕಿವಿ ಮತ್ತೆ ಚುರುಕಾಗುತ್ತದೆ. ಈಗ ಕುಂಟೆಬಿಲ್ಲೆಯನ್ನು ನೆನೆಸಿಕೊಳ್ಳಿ: ನಾಲ್ಕು ಸಲ ಕುಪ್ಪಳಿಸು, ಗೆರೆ ತುಳಿದು ಔಟಾಗು, ಜಗಳ ಆಡು, ಸರದಿ ಬರುವ ತನಕ ಕಾಯು. ಇದಕ್ಕಿಂತ ಒಳ್ಳೆಯ ಟೈಮ್‌ಟೇಬಲ್ಲನ್ನು ಯಾವ ಜಿಮ್ಮಿನವನೂ ಬರೆದುಕೊಡಲಾರ.

ಇದಕ್ಕೆ ವಯಸ್ಸಿನ ಲೆಕ್ಕವೂ ಇದೆ. ಹೆಣ್ಣುಮಕ್ಕಳಿಗೆ ಹನ್ನೆರಡೂವರೆ, ಗಂಡುಮಕ್ಕಳಿಗೆ 14ರ ಆಸುಪಾಸಿನ ಎರಡೇ ವರ್ಷಗಳಲ್ಲಿ, ಬೆಳೆದವರ ಮೂಳೆಯಲ್ಲಿರುವ ಖನಿಜದ ಸುಮಾರು ಕಾಲುಭಾಗ ಶೇಖರವಾಗುತ್ತದೆಂದು ಕೆನಡಾದಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಅಳೆದವರು ಕಂಡುಕೊಂಡರು. ಫಿನ್ಲೆಂಡಿನ ಟೆನಿಸ್, ಸ್ಕ್ವಾಷ್ ಆಟಗಾರ್ತಿಯರಲ್ಲಿ ರ‍್ಯಾಕೆಟ್ ಹಿಡಿಯುವ ತೋಳಿನ ಮೂಳೆ ಇನ್ನೊಂದು ತೋಳಿನದಕ್ಕಿಂತ ಗಟ್ಟಿ. ಮೈನೆರೆಯುವ ಮೊದಲೇ ಆಟ ಶುರುಮಾಡಿದವರಲ್ಲಿ ಈ ವ್ಯತ್ಯಾಸ, ತಡವಾಗಿ ಶುರುಮಾಡಿದವರಿಗಿಂತ ಎರಡರಿಂದ ನಾಲ್ಕು ಪಟ್ಟು ಹೆಚ್ಚು. ಹುಡುಗಿಯರನ್ನು ಅಂಗಳದಿಂದ ಒಳಗೆ ಕರೆಯುವುದೂ, ಪಿ.ಟಿ. ಪೀರಿಯಡ್ಡನ್ನು ಗಣಿತದ ಮೇಷ್ಟ್ರು "ಒಂದೇ ಒಂದು ದಿನ" ಎಂದು ಸಾಲ ತೆಗೆದುಕೊಳ್ಳುವುದೂ ಸರಿಯಾಗಿ ಇದೇ ವಯಸ್ಸಿನಲ್ಲಿ. ಆ ಸಾಲ ತೀರಿಸಿದ ಮೇಷ್ಟ್ರನ್ನು ನಾನಂತೂ ಕಂಡಿಲ್ಲ.

ಸಂಜೆ ಹೋಗಿ ಅಜ್ಜಿಯ ಮುಂದೆ ಇಷ್ಟೂ ಪುರಾಣ ಬಿಚ್ಚಿದೆ. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, "ನನ್ನನ್ನ ಹನ್ನೊಂದಕ್ಕೇ ಒಳಗೆ ಕೂರಿಸಿದ್ರು ಕಣಪ್ಪ. ಅಲ್ಲೀವರೆಗೂ ನಮ್ಮ ಬೀದೀಲಿ ನನ್ನ ಬಿಲ್ಲೆ ಒಂದು ಸಲವೂ ಗೆರೆ ಮೇಲೆ ಬಿದ್ದಿದ್ದಿಲ್ಲ" ಅಂದರು.